ಹನ್ನೊಂದು ವರ್ಷಕ್ಕೆ ತಕ್ಕ ಪ್ರೇಮಕತೆ

ಭಾನುವಾರ, 16 ನವೆಂಬರ್ 2025
ಬೆಂಗಳೂರು

ಮಕ್ಕಳ ದಿನಾಚರಣೆಗೆ ಪುಸ್ತಕ ಕೊಡಿಸುತ್ತೇನೆ ಅಂತ ಅಕ್ಕನ ಮಗಳಿಗೆ ಮಾತು ಕೊಟ್ಟಿದ್ದೆ. ಇವತ್ತು ಮೆಟ್ರೋ ಹತ್ತಿ ಚರ್ಚ್ ಸ್ಟ್ರೀಟಿಗೆ ಹೋದೆವು. ಅವಳಿಗೆ ಹನ್ನೊಂದು ವರ್ಷ. ಬ್ಲಾಸಮ್ ಪುಸ್ತಕದಂಗಡಿಯಲ್ಲಿ ಕಪಾಟಿನ ಮುಂದೆ ನೆಲದ ಮೇಲೇ ಕೂತು, ಒಂದೊಂದೇ ಎಳೆದು ನೋಡಿ, ಕೊನೆಗೆ ಆರಿಸಿದ್ದು ‘ಫ್ಲಿಪ್ಡ್’. ವೆಂಡೆಲಿನ್ ವ್ಯಾನ್ ಡ್ರಾನೆನ್ 2001ರಲ್ಲಿ ಬರೆದ ಕಾದಂಬರಿ.

ಮನೆಗೆ ಬಂದ ಮೇಲೆ ಅಕ್ಕ ಅದರ ಬೆನ್ನುಪುಟ ಓದಿ, “ಈಗಲೇ ಲವ್ ಸ್ಟೋರಿ ಬೇಕಾ?” ಅಂದಳು. ಬೇಕು ಅಂತಲೇ ನನ್ನ ಉತ್ತರ. ಯಾಕೆ ಅಂತ ಇಲ್ಲಿ ಬರೆದಿಡುತ್ತೇನೆ.

ಆ ಕತೆಯಲ್ಲಿ ಜೂಲಿ ಅಂತ ಒಬ್ಬಳು ಹುಡುಗಿ. ಎದುರು ಮನೆಗೆ ಬಂದ ಬ್ರೈಸ್ ಅವಳಿಗೆ ನೋಡಿದ ಕೂಡಲೇ ಇಷ್ಟ. ಆಗಿನ್ನೂ ಇಬ್ಬರೂ ಎರಡನೇ ಕ್ಲಾಸಿಗೆ ಸೇರುವ ಮಕ್ಕಳು. ಅವನಿಗೋ ಅವಳ ಕಾಟ ತಪ್ಪಿದರೆ ಸಾಕು. ಒಂದು ಅಧ್ಯಾಯ ಅವನು ಹೇಳಿದರೆ ಮುಂದಿನದು ಅವಳು ಹೇಳುತ್ತಾಳೆ. ಅದೇ ಘಟನೆ, ಆದರೆ ಎಷ್ಟು ಬೇರೆ! ತಾನು ಸಾಕಿದ ಕೋಳಿಗಳ ಮೊಟ್ಟೆಯನ್ನು ಅವಳು ಅಷ್ಟು ಪ್ರೀತಿಯಿಂದ ತಂದುಕೊಡುತ್ತಾಳೆ. ಬೇಡ ಅನ್ನುವ ಧೈರ್ಯ ಅವನಿಗಿಲ್ಲ. ಗುಟ್ಟಾಗಿ ಕಸಕ್ಕೆ ಹಾಕುತ್ತಾನೆ. ಅದು ಅವಳಿಗೆ ಗೊತ್ತಾಗುತ್ತದೆ. ಎಂಟನೇ ಕ್ಲಾಸಿನ ಹೊತ್ತಿಗೆ ಅವಳ ಮನಸ್ಸು ದೂರ ಸರಿದಿರುತ್ತದೆ, ಅವನಿಗೆ ಈಗ ಅವಳದೇ ಯೋಚನೆ.

ಈ ವಯಸ್ಸಿನವರ ಪ್ರೇಮಕತೆಗಳಲ್ಲಿ ನನಗೆ ಹಿಡಿಸುವುದು ಇದೇ. ಮುತ್ತು, ಮದುವೆ ಅಲ್ಲ ಅಲ್ಲಿನ ವಿಷಯ. ಎದುರಿಗಿರುವವರು ನಿಜವಾಗಿ ಎಂಥವರು, ನಾನು ಅವರನ್ನು ಸರಿಯಾಗಿ ನೋಡಿದ್ದೇನಾ ಅನ್ನುವುದು. ಜೊತೆಗೆ ಗೆಳತಿಯ ಮುನಿಸು, ಅಪ್ಪನ ಸಾಲ, ಎಲ್ಲರ ಮುಂದೆ ಆದ ಅವಮಾನ. ನಗಿಸುತ್ತಲೇ ಇವೆಲ್ಲ ಬರುತ್ತವೆ. ಆ ನಗು ತುಂಬ ಮುಖ್ಯ ಅಂತ ನನಗನ್ನಿಸುತ್ತದೆ. ಹನ್ನೊಂದು ವರ್ಷದ ಹುಡುಗಿಗೆ ಯಾರೋ ಇಷ್ಟವಾದರೆ ನಾವು ರೇಗಿಸುತ್ತೇವೆ, ಇಲ್ಲ ಗದರುತ್ತೇವೆ. ಅವಳ ಪಾಡಿಗೆ ಅವಳು ನಕ್ಕು ಯೋಚಿಸಲು ಜಾಗ ಬೇಕು, ಅಲ್ವಾ?

ಅಕ್ಕನ ಭಯ ನನಗೆ ಅರ್ಥವಾಗುತ್ತದೆ. ಆದರೆ ಪುಸ್ತಕ ಕೊಡದಿದ್ದರೆ ಪ್ರೀತಿಯ ವಿಷಯ ಮಕ್ಕಳಿಗೆ ತಿಳಿಯುವುದೇ ಇಲ್ಲವಾ? ರೀಲ್ಸ್ ಇದೆ, ಸಿನಿಮಾ ಹಾಡುಗಳಿವೆ. ಹುಡುಗಿ ಬೇಡ ಅಂದರೂ ಹಿಂದೆ ಬೀಳುವ ಹೀರೋಗಳನ್ನು ನಾವೇ ಮನೆಮಂದಿಯೆಲ್ಲ ಕೂತು ತೋರಿಸಿದ್ದೇವೆ. ಅದಕ್ಕಿಂತ ಮೊಟ್ಟೆ ಬಿಸಾಕಿ, ಆಮೇಲೆ ನಾಚಿಕೆಪಡುವ ಬ್ರೈಸ್ ಎಷ್ಟೋ ಮೇಲು.

ಬೇಜಾರಿನ ಸಂಗತಿ ಅಂದರೆ, ಕನ್ನಡದಲ್ಲಿ ಇಂಥದ್ದು ನನ್ನ ಕೈಗೆ ಸಿಕ್ಕಿಲ್ಲ. ನಾವು ಆ ವಯಸ್ಸಿನಲ್ಲಿ ಅಮ್ಮ ಲೈಬ್ರರಿಯಿಂದ ತಂದ ಕಾದಂಬರಿಗಳನ್ನೇ ಓದಿದೆವು. ತ್ರಿವೇಣಿ, ಎಂ. ಕೆ. ಇಂದಿರಾ, ಸಾಯಿಸುತೆ. ಅವರನ್ನು ಈಗಲೂ ಪ್ರೀತಿಯಿಂದ ಓದುತ್ತೇನೆ. ಆದರೆ ಅಲ್ಲಿನ ನಾಯಕಿಯರ ಕಷ್ಟ ದೊಡ್ಡವರ ಕಷ್ಟ. ಇನ್ನೊಂದು ಕಡೆ ಪುಟ್ಟ ಮಕ್ಕಳ ಚಿತ್ರಪುಸ್ತಕಗಳು ಚೆನ್ನಾಗಿ ಬರುತ್ತಿವೆ. ನಡುವೆ ಆರನೇ, ಏಳನೇ ಕ್ಲಾಸಿನವರಿಗೆ ಏನಿದೆ?

ಮಲ್ಲೇಶ್ವರದ ಟ್ಯೂಷನ್ನಿಗೆ ಹೋಗುವ ಹುಡುಗಿ. ಅವಳ ನೋಟ್ಸ್ ಕೇಳಿ ಪಡೆದು, ವಾಪಸ್ ಕೊಡಲು ಸಂಕೋಚಪಡುವ ಹುಡುಗ. ಸ್ಕೂಲ್ ಡೇ ನಾಟಕ, ಗಣೇಶನ ಪೆಂಡಾಲ್, ಅಪಾರ್ಟ್‌ಮೆಂಟಿನ ಲಿಫ್ಟು. ಇಷ್ಟು ಸಾಕು. ನೂರು ಪುಟ ಯಾರಾದರೂ ಬರೆಯಬೇಕು. ಉಪದೇಶ ಬೇಡ, ಕೊನೆಯಲ್ಲಿ ಹೆಡ್‌ಮಾಸ್ಟರ ಭಾಷಣವೂ ಬೇಡ.

ಇದನ್ನೆಲ್ಲ ಅಕ್ಕನ ಮಗಳ ಹತ್ತಿರ ಹೇಳಿದೆ. “ಕನ್ನಡದಲ್ಲಿ ಇದ್ರೆ ಕೊಡಿಸು, ಓದ್ತೀನಿ” ಅಂದಳು. ಮುಂದಿನ ಭಾನುವಾರ ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಗೆ ಹೋಗಿ ಕೇಳುತ್ತೇವೆ. ಓದುವವರಿಗೆ ಗೊತ್ತಿದ್ದರೆ ಅಷ್ಟರೊಳಗೆ ದಯವಿಟ್ಟು ಹೆಸರು ತಿಳಿಸಿ.