ಚೀಲದ ಮೇಲಿನ ಹೆಸರು

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯಲು ಶುರು ಮಾಡಿ 22 ವರ್ಷ ಆಯಿತು. ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ನನ್ನ ಜೊತೆ ಮಿಲ್ಲಿಗೆ ಬಂದಿದ್ದಳು. ಪ್ಯಾಕಿಂಗ್ ನಡೆದಿತ್ತು. ಬೆಳಗ್ಗೆ ನಮ್ಮ ಮಿಲ್ಲಿನ ಹೆಸರಿದ್ದ ಚೀಲಕ್ಕೆ ಅಕ್ಕಿ ಬೀಳುತ್ತಿತ್ತು. ಮಧ್ಯಾಹ್ನ ಬೇರೆ ಊರಿನ ವ್ಯಾಪಾರಿ ಕಳಿಸಿದ ಬಣ್ಣದ ಚೀಲ ಬಂದವು. ಅದೇ ಅಕ್ಕಿ, ಅದೇ ತೂಕ. ಅಂಗಡಿಯಲ್ಲಿ ಆ ಬಣ್ಣದ ಚೀಲದ ಬೆಲೆ ಜಾಸ್ತಿ ಎಂದು ಹಮಾಲರು ಮಾತಾಡಿಕೊಂಡದ್ದನ್ನು ಅವಳು ಕೇಳಿಸಿಕೊಂಡಳು.

"ಅಪ್ಪಾ, ಅಕ್ಕಿ ಒಂದೇ ಅಲ್ಲೇನು? ರೇಟ್ ಯಾಕ ಬ್ಯಾರೆ?"

"ಹೆಸರಿಗೆ ಅವ್ವಾ" ಅಂದೆ. ಆ ಉತ್ತರ ಅವಳಿಗೆ ಸಾಲಲಿಲ್ಲ. ಮನೆಗೆ ಬರುವ ತನಕ ಕೇಳುತ್ತಲೇ ಇದ್ದಳು. ವ್ಯಾಪಾರ ನಡೆಸುವುದನ್ನು ಕಲಿಸುವ ಬಿಬಿಎ ಓದಬೇಕು ಅನ್ನೋ ಆಸೆ ಅವತ್ತೇ ಮೊಳಕೆ ಒಡೆಯಿತು ಅಂತ ನನಗೆ ಈಗ ಅನಿಸುತ್ತದೆ.

2025ರ ಏಪ್ರಿಲ್ 8ಕ್ಕೆ ಪಿಯುಸಿ ರಿಸಲ್ಟ್ ಬಂತು. ಕಾಮರ್ಸ್‌ನಲ್ಲಿ ಡಿಸ್ಟಿಂಕ್ಷನ್. ನಾನು ಬಿ.ಕಾಂ ಮಾಡು ಅಂದೆ. ನಾನು ಓದಿದ್ದು ಅದೇ, ಮುಂದೆ ಸಿಎಗೂ ದಾರಿ ಇರುತ್ತದೆ. ಅವಳು ಬಿಬಿಎ ಅಂದಳು. "ಲೆಕ್ಕ ಬರಿಯೋದು ನೀನು ಕಲಿಸೀಯಪ್ಪಾ. ಆ ಲೆಕ್ಕ ನೋಡಿ ಏನು ಮಾಡಬೇಕು ಅಂತ ಕಲೀಬೇಕು ನಾನು." ಅದರ ಮುಂದೆ ನನ್ನ ಮಾತು ನಡೆಯಲಿಲ್ಲ. ಯಾವ ಕೋರ್ಸ್ ಅನ್ನೋದು ಹೀಗೆ ಒಂದೇ ಸಂಜೆಯಲ್ಲಿ ಮುಗಿಯಿತು. ಯಾವ ಯೂನಿವರ್ಸಿಟಿ ಅನ್ನೋದಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಒಂದು ವಿಚಿತ್ರ ಇತಿಹಾಸ ಇದೆ. ನಾನು ಊರಿನ ಕಾಲೇಜಿನಲ್ಲೇ ಓದಿ 2000ರಲ್ಲಿ ಪಾಸಾದೆ. ನನ್ನ ಸರ್ಟಿಫಿಕೇಟ್ ಮೇಲೆ ಗುಲ್ಬರ್ಗ ವಿಶ್ವವಿದ್ಯಾಲಯ ಅಂತ ಇದೆ. ಆಗ ಬೀದರ್‌ನಿಂದ ಬಳ್ಳಾರಿ ತನಕ ಎಲ್ಲರಿಗೂ ಅದೇ. ನನ್ನ ಹೆಂಡತಿಯ ತಮ್ಮ ಅದೇ ಕಾಲೇಜಿನಲ್ಲಿ, ಬಹುಶಃ ಅದೇ ಬೆಂಚಿನಲ್ಲಿ ಕೂತು 2015ರಲ್ಲಿ ಪಾಸಾದ. ಅವನದರ ಮೇಲೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಬಳ್ಳಾರಿ. ಅದು ಶುರುವಾಗಿದ್ದು 2010ರಲ್ಲಿ. 2023ರಲ್ಲಿ ರಾಜ್ಯದಲ್ಲಿ ಏಳು ಹೊಸ ವಿವಿಗಳಾದವು. ಅದರಲ್ಲಿ ಕೊಪ್ಪಳವೂ ಒಂದು. ಮಗಳು ಊರಲ್ಲೇ ಓದಿದರೆ ಮೂರನೇ ಹೆಸರು. ಗೋಡೆ ಅದೇ, ಕರಿಹಲಗೆ ಅದೇ.

ನಮ್ಮ ಜಿಲ್ಲೆಗೆ ಒಂದು ವಿವಿ ಬಂತು ಅಂದಾಗ ನಾನು ಮಿಲ್ಲಿನಲ್ಲಿ ಎಲ್ಲರಿಗೂ ಪೇಡೆ ಹಂಚಿದ್ದೆ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಇವೂ ಸೇರಿ ಇತ್ತೀಚಿನ ವರ್ಷಗಳಲ್ಲಿ ಆದ ಹೊಸ ವಿವಿಗಳಲ್ಲಿ ಒಂಬತ್ತನ್ನು ಮುಚ್ಚಬೇಕು ಅಂತ ಶಿಫಾರಸು ಮಾಡಿತು. ಕೊಪ್ಪಳದ ಹೆಸರೂ ಆ ಪಟ್ಟಿಯಲ್ಲಿತ್ತು. ಪೇಪರ್ ಓದಿ ಅವತ್ತು ಊಟ ಸೇರಲಿಲ್ಲ. ದುಡ್ಡಿಲ್ಲ, ಜಾಗ ಇಲ್ಲ ಅಂತ ಕಾರಣ ಕೊಟ್ಟರು. ದುಡ್ಡು, ಜಾಗ ಕೊಡಬೇಕಾದವರು ಯಾರು? ಕೊಪ್ಪಳ ವಿವಿ ಇರುವ ತಳಕಲ್‌ಗೆ ಹೋಗಿ ಕಲಿಯುವ ಮಕ್ಕಳ ಮುಖ ಯಾರಾದರೂ ನೋಡಿದ್ದಾರಾ? ಈ ನೋವು ನನಗೆ ಇನ್ನೂ ಇದೆ. ಪರಿಚಯದ ಲೆಕ್ಚರರ್ ಒಬ್ಬರು ಸಮಾಧಾನ ಹೇಳಿದರು: "ಮುಚ್ಚಿದರೂ ಹಳೇ ವಿವಿಗೆ ಸೇರಿಸ್ತಾರ್ರಿ, ಹುಡುಗರ ಡಿಗ್ರಿಗೆ ಏನೂ ಆಗಂಗಿಲ್ಲ." ಇರಬಹುದು. ಆದರೆ ಮಗಳನ್ನು ಸೇರಿಸಬೇಕಾದ ವರ್ಷದಲ್ಲೇ ಹೀಗಾದರೆ ತಂದೆಯಾದವನ ಮನಸ್ಸು ಗಟ್ಟಿ ನಿಲ್ಲುವುದಿಲ್ಲ.

ಅದೇ ಹೊತ್ತಿಗೆ ನಮ್ಮೂರ ಹೋಟೆಲ್ ಹಾಲಿನಲ್ಲಿ ಶಿಕ್ಷಣ ಮೇಳ ಅಂತ ಮಾಡಿದರು. ಬೆಂಗಳೂರಿನ ಕಾಲೇಜುಗಳ ಪರವಾಗಿ ಏಜೆಂಟರು ಬಂದಿದ್ದರು. ಒಬ್ಬ ಹುಡುಗ ಟೈ ಕಟ್ಟಿಕೊಂಡು ಬಹಳ ಮರ್ಯಾದೆಯಿಂದ ಮಾತಾಡಿಸಿದ. ದಪ್ಪ ಹಾಳೆಯ ಪುಸ್ತಕ ಕೈಗಿಟ್ಟ. ಗಾಜಿನ ಕಟ್ಟಡ, ಹುಲ್ಲಿನ ಮೇಲೆ ನಗುತ್ತಾ ಕೂತ ಮಕ್ಕಳು. ವರ್ಷಕ್ಕೆ ಫೀಸು 2 ಲಕ್ಷ 40 ಸಾವಿರ. ಹಾಸ್ಟೆಲ್, ಊಟಕ್ಕೆ 1 ಲಕ್ಷ 20 ಸಾವಿರ. "ಇವತ್ತು ರಾತ್ರಿಯೊಳಗ 25 ಸಾವಿರ ಕಟ್ಟಿಬಿಡ್ರಿ ಸರ್, ಸ್ಕಾಲರ್‌ಶಿಪ್ ಲಾಕ್ ಆಗ್ತದ" ಅಂದ.

ನಾನು ಫೋನ್ ತೆಗೆದೆ. ನಿಜ ಹೇಳುತ್ತೇನೆ, ಕಟ್ಟಲು ಸಿದ್ಧನಾಗಿದ್ದೆ. ಸಾಲ ಮಾಡಿಯಾದರೂ ಓದಿಸಬೇಕು ಅಂತ ಎದೆಯಲ್ಲಿ ಒಂದು ಹಟ ಇತ್ತು. ಮಗಳು ನನ್ನ ಫೋನಿನ ಮೇಲೆ ಕೈ ಇಟ್ಟಳು.

"ಸರ್, ಡಿಗ್ರಿ ಸರ್ಟಿಫಿಕೇಟ್ ಮ್ಯಾಲೆ ಯಾವ ಯೂನಿವರ್ಸಿಟಿ ಹೆಸರು ಬರ್ತದ್ರಿ?"

"ನಮ್ದು ಅಟಾನಮಸ್ ಮೇಡಮ್."

"ಅಟಾನಮಸ್ ಆದ್ರೂ ಒಂದು ಯೂನಿವರ್ಸಿಟಿ ಇರಬೇಕಲ್ರಿ?"

ಹುಡುಗ ಪುಸ್ತಕದ ಹಾಳೆ ಮಗುಚಿದ. ಹಿಂದೆ ಮುಂದೆ ನೋಡಿದ. ಸಿಗಲಿಲ್ಲ. ಯಾರಿಗೋ ಫೋನ್ ಹಚ್ಚಲು ಹೊರಗೆ ಹೋದ. ಮಗಳು ನನ್ನ ಕಿವಿಯಲ್ಲಿ ಹೇಳಿದಳು: "ಅಪ್ಪಾ, ಚೀಲ ಅಷ್ಟೇ ನೋಡಾಕತ್ತೀವಿ." ನಾವು ಎದ್ದು ಬಂದೆವು.

ಆಮೇಲೆ ಅವಳೇ ಕೂತು ನನಗೆ ಬಿಡಿಸಿ ಹೇಳಿದಳು. ಅಟಾನಮಸ್ ಕಾಲೇಜು ಪಾಠದ ಪಟ್ಟಿಯನ್ನೂ ಪರೀಕ್ಷೆಯನ್ನೂ ತಾನೇ ಮಾಡುತ್ತದೆ. ಡಿಗ್ರಿ ಕೊಡುವುದು ಮಾತ್ರ ಅದು ಸೇರಿರುವ ವಿವಿ. ಖಾಸಗಿ ವಿವಿ, ಡೀಮ್ಡ್ ವಿವಿ ಆದರೆ ತಮ್ಮದೇ ಡಿಗ್ರಿ ಕೊಡುತ್ತವೆ, ಅವು ದೇಶದ ವಿವಿಗಳನ್ನು ನೋಡಿಕೊಳ್ಳುವ ಯುಜಿಸಿಯ ಪಟ್ಟಿಯಲ್ಲಿ ಇವೆಯಾ ಅಂತ ನಾವೇ ನೋಡಬಹುದು. ಯುಜಿಸಿ ನಕಲಿ ವಿವಿಗಳ ಪಟ್ಟಿಯನ್ನೂ ಹಾಕುತ್ತದೆ. ಪುಸ್ತಕದ ಮೇಲೆ ದೊಡ್ಡದಾಗಿ ಎಐಸಿಟಿಇ ಅಂತ ಇತ್ತಲ್ಲ, ಅದು ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿಯದು, 2024-25ರಿಂದ ಬಿಬಿಎ ನಡೆಸುವ ಕಾಲೇಜುಗಳೆಲ್ಲ ತೆಗೆದುಕೊಳ್ಳಬೇಕಾದ ಅನುಮತಿ. ಬಹುಮಾನ ಅಲ್ಲ. ಇನ್ನೊಂದು, ಅದರಲ್ಲಿ ನಾಲ್ಕು ವರ್ಷದ ಕೋರ್ಸ್ ಅಂತ ಸಣ್ಣ ಅಕ್ಷರದಲ್ಲಿತ್ತು. ನಮ್ಮ ರಾಜ್ಯದ ಸರ್ಕಾರಿ ವಿವಿಗಳಲ್ಲಿ 2021ರಿಂದ ನಾಲ್ಕು ವರ್ಷದ ಪದ್ಧತಿ ತಂದು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದ್ದಾರೆ. ನಾನು ಮೂರಕ್ಕೆ ಗುಣಿಸಿ 10 ಲಕ್ಷ 80 ಸಾವಿರ ಅಂದುಕೊಂಡಿದ್ದೆ. ನಾಲ್ಕಕ್ಕೆ ಗುಣಿಸಿದರೆ 14 ಲಕ್ಷ 40 ಸಾವಿರ.

ಅಷ್ಟು ದುಡ್ಡು ಎಲ್ಲಿಂದ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ನಮ್ಮ ಮಿಲ್ಲಿನಲ್ಲಿ ಯಾರೂ ಮಲಗಿರಲಿಲ್ಲ. ಡ್ಯಾಮಿನಲ್ಲಿ ನೀರಿದ್ದರೆ ಭತ್ತ, ಭತ್ತ ಇದ್ದರೆ ಮಿಲ್ಲು, ಮಿಲ್ಲು ನಡೆದರೆ ನನ್ನ ಸಂಬಳ. ನಾಲ್ಕು ವರ್ಷದ ಫೀಸಿಗೆ ಯಾವ ಧೈರ್ಯದ ಮೇಲೆ ಸಹಿ ಹಾಕಲಿ? ಬೆಂಗಳೂರಿಗೆ ಹೋದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ 371ಜೆ ಮೀಸಲಾತಿ ಹೋಗಿಬಿಡುತ್ತದೆ ಅಂತ ಓಣಿಯವರು ಹೆದರಿಸಿದ್ದರು. ಅದು ಹಾಗಲ್ಲ. ಹುಟ್ಟಿದ್ದು ಇಲ್ಲೇ ಆದರೆ ಎಲ್ಲಿ ಓದಿದರೂ 371ಜೆ ಸರ್ಟಿಫಿಕೇಟ್ ನಮ್ಮದೇ. ಆದರೆ ಪ್ರವೇಶದಲ್ಲಿ ನಮ್ಮ ಭಾಗದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8. ಇದೂ ನನ್ನ ಲೆಕ್ಕದಲ್ಲಿ ಸೇರಿತು.

"ಬಳ್ಳಾರಿ ನೋಡ್ಕೊಂಡು ಬರೋಣಪ್ಪಾ" ಅಂದಳು. ಮೇ ತಿಂಗಳ ಒಂದು ಗುರುವಾರ ರಜೆ ಹಾಕಿದೆ.

ಬೆಳಗ್ಗೆ ಏಳರ ಬಸ್ಸು. ಅವಳಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್, ನನಗೆ ದುಡ್ಡಿನ ಟಿಕೆಟ್. ಕಂಪ್ಲಿ ಸೇತುವೆ ದಾಟುವಾಗ ಹೊಳೆಯಲ್ಲಿ ಬಂಡೆಗಳೇ ಕಾಣುತ್ತಿದ್ದವು. ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಈ ಸೇತುವೆಯೇ ಮುಳುಗುತ್ತದೆ. ದಿನಾ ಓಡಾಡಿ ಓದುವುದು ಆಗದ ಮಾತು, ಹಾಸ್ಟೆಲ್ ಬೇಕೇ ಬೇಕು ಅಂತ ಅಲ್ಲೇ ತೀರ್ಮಾನಿಸಿದೆ. ಕುರುಗೋಡು ದಾಟಿ ಬಳ್ಳಾರಿ ಗುಡ್ಡ ಕಾಣುವಷ್ಟರಲ್ಲಿ ಬಿಸಿಲು ಸುಡುತ್ತಿತ್ತು.

ಮೊದಲು ಕಂಟೋನ್ಮೆಂಟ್ ಕಡೆಯ ವಿವಿ ಆವರಣಕ್ಕೆ ಹೋದೆವು. ಅಲ್ಲಿ ನಡೆಯುವುದು ಎಂ.ಕಾಂ, ಎಂಬಿಎ ತರಗತಿಗಳು. ಬಿಬಿಎಗೆ ಅದರ ಕೆಳಗಿನ ಕಾಲೇಜಿಗೆ ಸೇರಬೇಕು. ಮುಂದೆ ಎಂಬಿಎ ಇಲ್ಲೇ ಮಾಡಬಹುದು ಅಂತ ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಆಮೇಲೆ ಎರಡು ಕಾಲೇಜು ನೋಡಿದೆವು. ಮೊದಲನೆಯದರ ಆಫೀಸಿನಲ್ಲಿ ಫೀಸಿನ ಚೀಟಿ ಕೊಟ್ಟರು. ಕ್ಲಾಸ್ ನೋಡಬಹುದಾ ಅಂದರೆ "ಅದೆಲ್ಲ ಸೇರಿದ ಮೇಲೆ" ಅಂದರು. ಎರಡನೆಯ ಕಾಲೇಜಿನ ಕಟ್ಟಡ ಹಳೆಯದು. ಸುಣ್ಣ ಉದುರಿತ್ತು. ಅಲ್ಲಿಯೂ ಮಗಳು ಅದೇ ಕೇಳಿದಳು. ಕಾರಿಡಾರಿನಲ್ಲಿ ಹೊರಟಿದ್ದ ಮೇಡಮ್ ಒಬ್ಬರು ನಿಂತು, "ಬಾರಮ್ಮ, ಹಿಂದೆ ಕೂತ್ಕೋ. ನೀವೂ ಬನ್ರಿ" ಅಂದರು.

25 ವರ್ಷದ ಮೇಲೆ ನಾನು ಕ್ಲಾಸಿನ ಬೆಂಚಿನಲ್ಲಿ ಕೂತೆ.

ಮೇಡಮ್ ಚೀಲದಿಂದ ಒಂದು ಜೀನ್ಸ್ ಪ್ಯಾಂಟ್ ತೆಗೆದು ಟೇಬಲ್ ಮೇಲೆ ಹರಡಿದರು. ಬಳ್ಳಾರಿಯದೇ ಹೊಲಿಗೆ. ಅದನ್ನು ಒಳಹೊರಗು ಮಾಡಿ ಹೊಲಿಗೆ ತೋರಿಸಿದರು. "ಇದರ ಕಾಸ್ಟ್ ಶೀಟ್ ಬರೀರಿ." ಒಬ್ಬೊಬ್ಬರೇ ಹೇಳುತ್ತಾ ಹೋದರು: ಬಟ್ಟೆ, ಜೇಬಿನ ಬಟ್ಟೆ, ಜಿಪ್, ಗುಂಡಿ, ದಾರ, ಹೊಲಿಗೆ ಕೂಲಿ, ವಾಷಿಂಗ್. ಒಬ್ಬ ಹುಡುಗಿ ಎದ್ದು ಹೊಲಿಗೆ ಕೂಲಿಯ ರೇಟ್ ತಪ್ಪಿದೆ ಅಂದಳು. ಅವಳ ಅಮ್ಮ ಕೌಲ್ ಬಜಾರಿನ ಮನೆಯಲ್ಲೇ ಪೀಸ್ ಲೆಕ್ಕದಲ್ಲಿ ಹೊಲಿಯುತ್ತಾಳಂತೆ. ಮೇಡಮ್ ಬೋರ್ಡಿನ ಮೇಲಿನ ಅಂಕಿ ಅಳಿಸಿ, ಆ ಹುಡುಗಿ ಹೇಳಿದ್ದನ್ನು ಬರೆದರು. ನನಗೆ ಅಲ್ಲೇ ಮನಸ್ಸು ತುಂಬಿ ಬಂತು.

"ಕತ್ತರಿಸಿ ಉಳಿದ ಚಿಂದಿ ಏನು ಮಾಡ್ತೀರಿ? ಅದಕ್ಕೂ ಬೆಲೆ ಇದೆ ಅಲ್ವಾ? ಇಂಥದ್ದು ಇನ್ನೆಲ್ಲಿ ಇದೆ?"

ಮಗಳು ಕೈ ಎತ್ತಿದಳು. ನನಗೆ ಎದೆ ಹೊಡೆದುಕೊಂಡಿತು. "ರೈಸ್ ಮಿಲ್ಲಿನಾಗ ಮೇಡಮ್. ನೂರು ಕೆಜಿ ಭತ್ತಕ್ಕೆ ನುಚ್ಚು ಸೇರಿ ಸುಮಾರು 65, 66 ಕೆಜಿ ಅಕ್ಕಿ. ತೌಡು ಏಳೆಂಟು, ಹೊಟ್ಟು 20ರ ಹತ್ತಿರ." ಮೇಡಮ್ ಸೀಮೆಸುಣ್ಣ ಅವಳ ಕೈಗೇ ಕೊಟ್ಟರು. ಅವಳು ಬೋರ್ಡಿನ ಇನ್ನೊಂದು ಬದಿಗೆ ಬರೆದಳು. ಅಕ್ಕಿಗೆ ರೇಟ್, ನುಚ್ಚಿಗೆ ರೇಟ್, ಎಣ್ಣೆ ಗಿರಣಿಗೆ ಹೋಗುವ ತೌಡಿಗೆ ರೇಟ್. ಹೊಟ್ಟಿನ ಮುಂದೆ ಬಂದು ನಿಂತಳು. ತಿರುಗಿ ನನ್ನನ್ನು ನೋಡಿದಳು.

"ಮಾರಂಗಿಲ್ರಿ" ಅಂದೆ ನಾನು ಕೂತಲ್ಲಿಂದಲೇ. "ನಮ್ಮ ಬಾಯ್ಲರಿಗೇ ಹಾಕ್ತೀವಿ."

"ಹಾಗಾದ್ರೆ ಅದರ ಬೆಲೆ ಸೊನ್ನೆನಾ?" ಅಂತ ಮೇಡಮ್ ಇಡೀ ಕ್ಲಾಸಿಗೆ ಕೇಳಿದರು. ಗದ್ದಲ ಎದ್ದಿತು. ಸೊನ್ನೆ ಅಂದವರು ಕೆಲವರು, ಅಲ್ಲ ಅಂದವರು ಕೆಲವರು. ಬೆಲ್ ಹೊಡೆಯಿತು. "ನಾಳೆ ಎಲ್ಲರೂ ಯೋಚಿಸಿಕೊಂಡು ಬರ್ರಿ" ಅಂದು ಮೇಡಮ್ ಪ್ಯಾಂಟ್ ಮಡಚಿ ಒಳಗಿಟ್ಟರು.

ಭತ್ತ ಕೊಳ್ಳುವಾಗ ನಾವು ಚೀಲಕ್ಕೆ ಕಬ್ಬಿಣದ ಚೂಪು ಕೊಳವೆ ಚುಚ್ಚಿ, ನಡುವಿನ ಕಾಳು ತೆಗೆದು, ಹಲ್ಲಿನಲ್ಲಿ ಕಚ್ಚಿ ತೇವ ನೋಡುತ್ತೇವೆ. ಯಾರ ಹೊಲದ್ದು, ಯಾರ ಚೀಲ ಅಂತ ಆಗ ಕೇಳುವುದಿಲ್ಲ. ಆ ಮುಕ್ಕಾಲು ಗಂಟೆಯಲ್ಲಿ ನನಗೆ ಸಿಕ್ಕಿದ್ದು ಅಂಥ ನಾಲ್ಕು ಕಾಳು.

ಆಫೀಸಿನಲ್ಲಿ ಉಳಿದದ್ದು ಕೇಳಿದೆವು. ಕಾಯಂ ಲೆಕ್ಚರರ್ ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು. ಹೋದ ವರ್ಷ ಪಾಸಾದವರು ಎಲ್ಲಿದ್ದಾರೆ. ಗುಮಾಸ್ತರು ಮುಚ್ಚುಮರೆ ಮಾಡಲಿಲ್ಲ. ಅತಿಥಿ ಉಪನ್ಯಾಸಕರೇ ಜಾಸ್ತಿ, ಆ ಮೇಡಮ್ ಸಹ ಅತಿಥಿಯೇ. ಕೆಲವರಿಗೆ ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ ಕಡೆ ಕೆಲಸ ಸಿಕ್ಕಿದೆ, ಕೆಲವರು ಬ್ಯಾಂಕ್ ಪರೀಕ್ಷೆಗೆ ಕೂತಿದ್ದಾರೆ, ಬಹಳ ಜನ ಮನೆಯಲ್ಲಿದ್ದಾರೆ ಅಂದರು. ಬೆಂಗಳೂರಿನಷ್ಟು ಕಂಪನಿಗಳು ಇಲ್ಲಿಗೆ ಬರುವುದಿಲ್ಲ. ಅದು ನನಗೆ ಈಗಲೂ ಚಿಂತೆ. ಇಷ್ಟು ಚೆನ್ನಾಗಿ ಕಲಿಸುವವರನ್ನು ವರ್ಷ ವರ್ಷ ಅತಿಥಿ ಅಂತ ಇಟ್ಟುಕೊಂಡಿರುವುದು ಅದಕ್ಕಿಂತ ದೊಡ್ಡ ಚಿಂತೆ. ಮೂರು ವರ್ಷ ಆ ಮೇಡಮ್ ಅಲ್ಲೇ ಇರುತ್ತಾರೆ ಅಂತ ಯಾರು ಭರವಸೆ ಕೊಡುತ್ತಾರೆ?

ಫೀಸು ವರ್ಷಕ್ಕೆ 30 ಸಾವಿರದೊಳಗೆ. ಅರ್ಜಿ ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್ಲಿನಲ್ಲಿ, ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ ಪೋರ್ಟಲ್.

ವಾಪಸ್ ಬರುವ ಬಸ್ಸಿನಲ್ಲಿ ಮಗಳು ಕಿಟಕಿಗೆ ತಲೆ ಆನಿಸಿ ಸುಮ್ನೆ ಕೂತಿದ್ದಳು. "ಬೆಂಗಳೂರು ಬಿಟ್ಟಿದ್ದಕ್ಕೆ ಬೇಜಾರೇನವ್ವಾ?" ಅಂದೆ. "ಸ್ವಲ್ಪ" ಅಂದಳು. ಬಹಳ ಹೊತ್ತಿನ ಮೇಲೆ, "ಎಂಬಿಎಗೆ ನೋಡೋಣಪ್ಪಾ" ಅಂದಳು. ಕಂಪ್ಲಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ನೋಟ್‌ಬುಕ್ ತೊಡೆಯ ಮೇಲೆ ತೆರೆದೇ ಇತ್ತು. ಹೊಟ್ಟು ಅಂತ ಬರೆದು ಮುಂದೆ ಜಾಗ ಬಿಟ್ಟಿದ್ದಳು.

ಮರುದಿನ ಮಿಲ್ಲಿಗೆ ಹೋದವನು ಬಾಯ್ಲರಿನ ಹುಡುಗನನ್ನು ಕೇಳಿದೆ, ದಿನಕ್ಕೆ ಎಷ್ಟು ಹೊಟ್ಟು ಹಾಕುತ್ತೀಯ ಅಂತ. ಪಕ್ಕದ ಮಿಲ್ಲಿನವರಿಗೆ ಫೋನ್ ಮಾಡಿ, ಹೊರಗೆ ಮಾರಿದರೆ ಏನು ರೇಟು ಅಂತ ತಿಳಿದುಕೊಂಡೆ. ಆಮೇಲೆ ಲೆಕ್ಕದ ಪುಸ್ತಕ ತೆಗೆದು, ತೌಡಿನ ಕಾಲಂ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಹೊಸದಾಗಿ ಒಂದು ಕಾಲಂ ಎಳೆದೆ.