ಮನೆಯೆಲ್ಲ ಕಡು ಬಣ್ಣ ಹೊಡೆಸಿದರೆ ಕತ್ತಲೆ ಆಗಲ್ವಾ?

ಆಗುತ್ತೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರಿಗೆ ಉತ್ತರ ಬೇಕಿರುವುದಿಲ್ಲ, ‘ಬೇಡ ಬಿಡಿ, ಬಿಳಿನೇ ಹೊಡೆಸಿ’ ಎಂಬ ಮಾತು ನನ್ನ ಬಾಯಿಂದ ಬರಬೇಕಿರುತ್ತದೆ. ಅದು ಬರುವುದಿಲ್ಲ.

ಬಣ್ಣದ ಕಂಪನಿಗಳು ಶೇಡುಗಳಿಗೆ ಎಲ್‌ಆರ್‌ವಿ ಎಂಬ ಒಂದು ಅಂಕಿ ಕೊಡುತ್ತವೆ. ಗೋಡೆಯ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ವಾಪಸ್ ಬರುತ್ತದೆ ಎನ್ನುವ ಲೆಕ್ಕ ಅದು. ಬಿಳಿಯದ್ದು 80 ದಾಟುತ್ತದೆ. ಬೂದಿ ಬೆರೆತ ಕಡು ಹಸಿರು, ಮಂಕು ನೀಲಿ, ಇದ್ದಿಲು ಬಣ್ಣ ಇವೆಲ್ಲ 5ರಿಂದ 15ರ ಒಳಗೆ ಬರುತ್ತವೆ. ಅಂದರೆ ಗೋಡೆ ನಿಮಗೆ ಬೆಳಕು ಹಂಚುವ ಕೆಲಸ ಬಿಟ್ಟುಬಿಡುತ್ತದೆ. ಆ ಕೆಲಸ ದೀಪಗಳಿಗೆ ಬರುತ್ತದೆ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟು ಹಳದಿ, ಹೆಚ್ಚಾದಷ್ಟು ನೀಲಿ. ಸೀಲಿಂಗಿನ ನಡುವೆ 6500 ಕೆಲ್ವಿನ್‌ನ ಒಂದೇ ಟ್ಯೂಬ್‌ಲೈಟ್ ಹಾಕಿಕೊಂಡು ‘ಗವಿ ಥರ ಇದೆ’ ಎನ್ನುವುದು ಬಣ್ಣಕ್ಕೆ ಮಾಡುವ ಅನ್ಯಾಯ. ಆ ನೀಲಿ ಬೆಳಕಿನಲ್ಲಿ ಮಂಕು ಹಸಿರು ಸತ್ತಂತೆ ಕಾಣುತ್ತದೆ. ಹಾಲಿಗೆ 3000 ಕೆಲ್ವಿನ್‌ನ ದೀಪಗಳು ಮೂರು-ನಾಲ್ಕು ಕಡೆ, ಬೇರೆ ಬೇರೆ ಎತ್ತರದಲ್ಲಿ ಇರಲಿ. ಓದುವ ಕುರ್ಚಿಯ ಪಕ್ಕ ಒಂದು, ಅಡುಗೆಕಟ್ಟೆಯ ಮೇಲೆ ನೇರವಾಗಿ ಬೀಳುವ 4000 ಕೆಲ್ವಿನ್‌ನ ಪಟ್ಟಿ ದೀಪ ಒಂದು. ದೀಪದ ಡಬ್ಬದ ಮೇಲೆ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಂಕಿ) 90 ಅಥವಾ ಹೆಚ್ಚು ಎಂದಿರುವುದನ್ನೇ ತನ್ನಿ.

ಕತ್ತಲೆ ಪ್ರಶ್ನೆಗಿಂತ ನನ್ನನ್ನು ಕೆಣಕುವುದು ಅದರ ಹಿಂದೆಯೇ ಬರುವ ರಾಜಿ: ‘ಟಿವಿ ಹಿಂದಿನ ಒಂದು ಗೋಡೆಗೆ ಮಾತ್ರ ಹೊಡೆದರೆ ಸಾಲದಾ?’ ಸಾಲದು. ಮೂರು ಬಿಳಿ ಗೋಡೆಗಳ ನಡುವೆ ಒಂದು ಕಡು ಗೋಡೆ ನಿಂತರೆ ಆ ಕೋಣೆಯಲ್ಲಿ ವ್ಯತ್ಯಾಸ ಅತಿ ಹೆಚ್ಚಾಗುತ್ತದೆ. ಕಣ್ಣು ಬಿಳಿಗೆ ಹೊಂದಿಕೊಂಡಿರುವುದರಿಂದ ಕಡು ಗೋಡೆ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಬಿಳಿ ಹಾಲಿನಿಂದ ಕಡು ಮಲಗುವ ಕೋಣೆಗೆ ಕಾಲಿಟ್ಟಾಗಲೂ ಹೀಗೇ. ಇಡೀ ಮನೆ ಒಂದೇ ಬಣ್ಣದಲ್ಲಿದ್ದರೆ ಕಣ್ಣು ಒಂದೇ ಸಲ ಹೊಂದಿಕೊಂಡು ಸುಮ್ಮನಾಗುತ್ತದೆ. ಬಾಗಿಲು, ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಅದೇ ಬಣ್ಣದಲ್ಲಿ ಹೋದರೆ ಮೂಲೆಗಳ ಗೆರೆ ಮಾಸುತ್ತದೆ, ಚಿಕ್ಕ ಕೋಣೆ ಚಿಕ್ಕದೆಂದು ಸಾರುವುದು ಆ ಗೆರೆಗಳೇ. ಪಕ್ಕದ ಕಟ್ಟಡ ಐದಡಿ ದೂರದಲ್ಲಿರುವ ಬೆಂಗಳೂರಿನ ನೆಲಮಹಡಿ ಮನೆಗಳಲ್ಲಿ ಬಿಳಿ ಹೊಡೆದರೂ ಕೊಳೆಬೂದಿಯಾಗಿಯೇ ಕಾಣುತ್ತದೆ, ಏಕೆಂದರೆ ತಿರುಗಿಸಿ ಕೊಡಲು ಅಲ್ಲಿ ಬೆಳಕೇ ಇಲ್ಲ. ಅಂಥ ಮನೆಗೇ ಕಡು ಬಣ್ಣ ಹೆಚ್ಚು ಒಪ್ಪುತ್ತದೆ.

ಸೆಖೆ? ಒಳಗೋಡೆಯಲ್ಲಿ ಅದು ಗಣನೆಗೆ ಬರುವಷ್ಟಿಲ್ಲ. ಬಿಸಿಲು ಹೊಡೆಯುವ ಪಶ್ಚಿಮದ ಹೊರಗೋಡೆಗೆ ಮಾತ್ರ ಕಡು ಬಣ್ಣ ಬೇಡ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಇದು: ‘ನಮ್ಮ ಗೋಡೆ ಇದಕ್ಕೆ ಸಿದ್ಧವಾಗಿದೆಯಾ?’

ಬಿಳಿ ಬಣ್ಣ ಗೋಡೆಯ ತಪ್ಪು ಮುಚ್ಚುತ್ತದೆ, ಕಡು ಬಣ್ಣ ಎತ್ತಿ ತೋರಿಸುತ್ತದೆ. ಹೊಸ ಗಾರೆಯಾದರೆ ಕನಿಷ್ಠ 28 ದಿನ ಬಿಡಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಸಿ ಸಿಮೆಂಟಿನ ಕ್ಷಾರ ಕೆಲವು ವರ್ಣದ್ರವ್ಯಗಳನ್ನು ತಿಂದು ಬಣ್ಣ ತೇಪೆತೇಪೆಯಾಗಿ ಬಿಳಿಚುತ್ತದೆ. ಗೋಡೆಯ ಕೆಳಗಿನ ಮೂರಡಿಯಲ್ಲಿ ಉಪ್ಪು ಹೊರಡುತ್ತಿದ್ದರೆ ಕೆಲಸ ಅಲ್ಲೇ ನಿಲ್ಲಿಸಿ. ಬಿಳಿ ಗೋಡೆಯಲ್ಲಿ ಅಷ್ಟಾಗಿ ಕಾಣದ ಆ ಹುಡಿ ಇದ್ದಿಲು ಬಣ್ಣದ ಮೇಲೆ ಬಾಗಿಲಿನಿಂದಲೇ ಕಾಣುತ್ತದೆ. ಮಲೆನಾಡು, ಕರಾವಳಿಯಲ್ಲಿ ಬೂಷ್ಟೂ ಹಾಗೆಯೇ. ತೇವ ಎಲ್ಲಿಂದ ಬರುತ್ತಿದೆಯೋ ಅದನ್ನು ಸರಿಮಾಡದೆ ಬಣ್ಣಕ್ಕೆ ಮೊದಲು ಹೊಡೆಯುವ ಯಾವ ಪ್ರೈಮರೂ ಉಳಿಸುವುದಿಲ್ಲ.

ಎರಡು ಕೋಟ್ ಪುಟ್ಟಿ, 180 ನಂಬರಿನ ಉಪ್ಪುಕಾಗದ, ಕೊನೆಗೆ ಅದಕ್ಕಿಂತ ನಯವಾದ 320. ಕೋಣೆ ಕತ್ತಲು ಮಾಡಿ, ಬಲ್ಬನ್ನು ಗೋಡೆಗೆ ಒತ್ತಿ ಪಕ್ಕದಿಂದ ಹಿಡಿದು ನೋಡಿ. ಉಬ್ಬುತಗ್ಗು ಆಗ ಕಾಣದಿದ್ದರೆ ಮುಂದಕ್ಕೆ ಹೋಗಿ. ಪ್ರೈಮರಿಗೆ ಕಪ್ಪು ಸ್ಟೇನರ್ (ಬಣ್ಣಕ್ಕೆ ಬೆರೆಸುವ ಗಾಢ ದ್ರವ) ಬೆರೆಸಿ ಬೂದು ಮಾಡಿಕೊಳ್ಳಿ. ಕಡು ಶೇಡುಗಳಿಗೆ ಬಳಸುವ ಬೇಸ್‌ನಲ್ಲಿ (ಶೇಡು ಬೆರೆಸುವ ಮೂಲ ಬಣ್ಣದಲ್ಲಿ) ಕೆಳಗಿನದನ್ನು ಮುಚ್ಚುವ ಬಿಳಿ ಪುಡಿ, ಟೈಟಾನಿಯಂ ಡೈಆಕ್ಸೈಡ್, ತೀರಾ ಕಡಿಮೆ. ಕಪ್ಪು, ರೆಡ್ ಆಕ್ಸೈಡ್ ಹೆಚ್ಚಿರುವ ಶೇಡು ಎರಡೇ ಕೋಟ್‌ನಲ್ಲಿ ಮುಚ್ಚಬಹುದು, ಆದರೆ ಹಸಿರು, ನೀಲಿ, ಮರೂನ್ ಕಡೆ ವಾಲಿದವು ಬಿಳಿ ಪ್ರೈಮರಿನ ಮೇಲೆ ಮೂರನೇ ಕೋಟ್ ಬೇಡುತ್ತವೆ. 10×12 ಕೋಣೆ, 10 ಅಡಿ ಎತ್ತರ ಎಂದುಕೊಳ್ಳಿ. ಬಾಗಿಲು-ಕಿಟಕಿ ಕಳೆದು ಸುಮಾರು 380 ಚದರಡಿ ಗೋಡೆ. ಲೀಟರಿಗೆ ಎರಡು ಕೋಟ್‌ನ ಲೆಕ್ಕದಲ್ಲಿ 130 ಚದರಡಿ ಎಂದರೆ 3 ಲೀಟರ್, ಮೂರು ಕೋಟಾದರೆ ನಾಲ್ಕೂವರೆ.

ಇಡೀ ಮನೆಗೆ ಬೇಕಾದಷ್ಟನ್ನು ಒಂದೇ ಸಲ ಮಿಕ್ಸ್ ಮಾಡಿಸಿ, ಎಲ್ಲ ಡಬ್ಬ ಒಂದೇ ಡ್ರಮ್ಮಿಗೆ ಸುರಿದು ಕಲಸಿ. ಯಂತ್ರದಲ್ಲೇ ಮಾಡಿದರೂ ಡಬ್ಬದಿಂದ ಡಬ್ಬಕ್ಕೆ ಕೂದಲೆಳೆ ವ್ಯತ್ಯಾಸ ಇರುತ್ತದೆ, ಕಡು ಬಣ್ಣದಲ್ಲಿ ಅದು ಕಾಣುತ್ತದೆ. ಡಬ್ಬದ ಮೇಲೆ ಹೇಳಿದ್ದಕ್ಕಿಂತ ಒಂದು ಲೋಟ ನೀರೂ ಹೆಚ್ಚು ಹಾಕಲು ಬಿಡಬೇಡಿ. ಅಂಚಿಗೆ ಬ್ರಷ್ ಹೊಡೆದು ಊಟಕ್ಕೆ ಹೋಗಿ ಬಂದು ರೋಲರ್ ಎತ್ತಿದರೆ ಗೋಡೆಗೆ ಚೌಕಟ್ಟು ಕಟ್ಟಿದಂತೆ ಪಟ್ಟಿ ಉಳಿಯುತ್ತದೆ. ಒಬ್ಬರು ಅಂಚು ಹೊಡೆಯುತ್ತಿರುವಾಗಲೇ ಇನ್ನೊಬ್ಬರು ಹಸಿ ಅಂಚಿನ ಮೇಲೆ ರೋಲರ್ ಎಳೆಯಬೇಕು. ಫ್ಯಾನ್ ಬೇಡ. ಒಂದು ಗೋಡೆ ಮೂಲೆಯಿಂದ ಮೂಲೆಗೆ ಮುಗಿಯುವವರೆಗೆ ಟೀ ಕೂಡ ಬೇಡ.

ಫಿನಿಶ್‌ನಲ್ಲಿ ತೀರಾ ಮ್ಯಾಟ್ ಬೇಡ, ಉಗುರು ತಾಗಿದರೂ ಸುಣ್ಣದಕಡ್ಡಿ ಎಳೆದಂತೆ ಬಿಳಿ ಗೀರು ಬೀಳುತ್ತದೆ. ಹೊಳಪೂ ಬೇಡ, ಪುಟ್ಟಿಯ ಅಲೆಗಳೆಲ್ಲ ಎದ್ದು ಬರುತ್ತವೆ. ತೊಳೆಯಬಹುದಾದ, ಹೊಳಪು ತೀರಾ ಕಡಿಮೆ ಇರುವ ಎಮಲ್ಶನ್ (ನೀರಿನಲ್ಲಿ ಕಲಸುವ ಬಣ್ಣ) ಸರಿ. ಒಗ್ಗರಣೆ ಸಿಡಿಯುವ ಅಡುಗೆಮನೆಗೆ ತುಸು ಹೊಳಪಿನ ಸ್ಯಾಟಿನ್. ಬೋರ್‌ವೆಲ್ ನೀರಿನ ಬಚ್ಚಲಿಗೆ ಮಾತ್ರ ಕಡು ಬಣ್ಣವನ್ನು ನಾನು ಒಪ್ಪುವುದಿಲ್ಲ, ನೀರು ಸಿಡಿದಲ್ಲೆಲ್ಲ ಬಿಳಿ ಕಲೆ ಕೂರುತ್ತದೆ. ಬಿಳಿ ಸ್ವಿಚ್ ಪ್ಲೇಟುಗಳನ್ನು ಬೂದು ಬಣ್ಣದ್ದಕ್ಕೆ ಬದಲಿಸಿ, ಇಲ್ಲವಾದರೆ ಕೋಣೆಯಲ್ಲಿ ಮೊದಲು ಕಾಣುವುದು ಅವೇ.

ಒಂದು ಲೀಟರ್ ಬಣ್ಣ ಉಳಿಸಿ, ಶೇಡ್ ಕೋಡ್, ಬೇಸ್, ಬ್ಯಾಚ್ ನಂಬರ್ ಅದರ ಮೇಲೆಯೇ ಬರೆದಿಡಿ. ಗೀರು ಬಿದ್ದಾಗ ಅಷ್ಟೇ ಜಾಗಕ್ಕೆ ಬ್ರಷ್ ತಾಗಿಸಬೇಡಿ. ತೇಪೆ ಕಂಡೇ ಕಾಣುತ್ತದೆ, ಆ ಗೋಡೆಯನ್ನು ಮೂಲೆಯಿಂದ ಮೂಲೆಗೆ ಇನ್ನೊಮ್ಮೆ ಹೊಡೆಸಿ.