ಪೆನ್ಸಿಲ್ ಕಂಡರೆ ಬಾಯಾರಿಕೆ

"ಬರಿ" ಅಂದರೆ ಸಾಕು, ನನ್ನ ಮಗನಿಗೆ ಬಾಯಾರಿಕೆ ಶುರುವಾಗುತ್ತದೆ. ನೀರು ಕುಡಿದು ಬರುವಷ್ಟರಲ್ಲಿ ಪೆನ್ಸಿಲ್ ಮೊನೆ ಮುರಿದಿರುತ್ತದೆ. ಮೊನೆ ಮಾಡಿ ಕೂತರೆ ರಬ್ಬರ್ ಕಾಣೆ. ಒಂಬತ್ತು ವರ್ಷದ ಹುಡುಗ. ಮನೆಯಲ್ಲೇ ಕಲಿಯುತ್ತಾನೆ, ಹಾಗಾಗಿ "ಮೇಷ್ಟ್ರು ಬೈತಾರೆ ನೋಡು" ಅಂತ ಹೆದರಿಸೋಕೂ ಆಗಲ್ಲ. ಮೇಷ್ಟ್ರು ನಾನೇ. ನನಗೆ ಅವನು ಹೆದರುವುದಿಲ್ಲ.

ಇದೇ ಹುಡುಗ ಬಾಯಿ ಬಿಟ್ಟರೆ ನಿಲ್ಲಿಸುವುದು ಕಷ್ಟ. ಅವನ ಕಥೆಯಲ್ಲಿ ಎಂಟು ಕಾಲಿನ ಪತ್ತೇದಾರನೊಬ್ಬ ಇದ್ದಾನೆ. ಎಂಟೂ ಶೂಗಳ ಲೇಸ್ ಕಟ್ಟಿಕೊಳ್ಳುವಷ್ಟರಲ್ಲಿ ಪ್ರತಿ ಸಲವೂ ಕಳ್ಳ ಪರಾರಿ. ಇಷ್ಟೆಲ್ಲ ಹೇಳುವವನು ಹಾಳೆ ಮುಂದೆ ಕೂತು "ಏನೂ ಹೊಳೀತಿಲ್ಲ" ಅಂದರೆ ನಂಬೋದು ಹೇಗೆ?

ತೊಂದರೆ ಇರೋದು ಕೈಯಲ್ಲಿ. ಅಕ್ಷರದ ಆಕಾರ ನೆನಪು ಮಾಡಿಕೊಳ್ಳಬೇಕು, ಒತ್ತು ಯಾವುದು, ದೀರ್ಘ ಇದೆಯಾ ಅಂತ ಯೋಚಿಸಬೇಕು, ಗೆರೆ ಮೇಲೆ ಕೂರಿಸಬೇಕು. ನಮಗೆ ಇದೆಲ್ಲ ತಾನಾಗಿ ಆಗುತ್ತದೆ. ಅವನು "ಪತ್ತೇದಾರ"ದ ಒತ್ತಿನ ಹತ್ತಿರ ಒದ್ದಾಡುವಾಗ ಮುಂದಿನ ವಾಕ್ಯ ತಲೆಯಿಂದ ಜಾರಿ ಹೋಗಿರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಬರ್ನಿಂಗರ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಇದನ್ನೇ. ಚಿಕ್ಕ ಮಕ್ಕಳಲ್ಲಿ ಅಕ್ಷರ ಸರಾಗವಾಗಿ ಬರೆಯೋಕೆ ಬರುವುದಕ್ಕೂ, ಎಷ್ಟು ಮತ್ತು ಎಷ್ಟು ಚೆನ್ನಾಗಿ ಬರೆಯುತ್ತಾರೆ ಅನ್ನುವುದಕ್ಕೂ ಸಂಬಂಧ ಇದೆ.

ಹಾಗಾಗಿ ನಮ್ಮ ಮನೆಯಲ್ಲಿ ಕಥೆ ಬೇರೆ, ಕೈಬರಹ ಬೇರೆ. ಕಥೆ ಅವನು ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಹೇಳಿದ ಹಾಗೇ, ಒಂದಕ್ಷರ ತಿದ್ದದೆ. ಒಂದೇ ಪುಟದಲ್ಲಿ ಎಷ್ಟು "ಆಮೇಲೆ" ಬಂದರೂ ಅಷ್ಟನ್ನೂ ಬರೆಯುತ್ತೇನೆ. ಬರೆದದ್ದನ್ನು ಗಟ್ಟಿಯಾಗಿ ಓದಿದರೆ ಅವನೇ ಮುಖ ಸಿಂಡರಿಸುತ್ತಾನೆ: "ಅಮ್ಮಾ, ಇಷ್ಟೊಂದು ಆಮೇಲೆ ಬೇಡ, ತೆಗಿ." ಕೊನೆಯ ಸಾಲು ಮಾತ್ರ ಅವನ ಕೈಯಲ್ಲೇ ಆಗಬೇಕು, ಅದು ಒಪ್ಪಂದ. ಇದು ಕಳ್ಳಾಟ ಅನ್ನುವವರು ಇದ್ದಾರೆ. ಇರಲಿ. ವಾಕ್ಯ ಕಟ್ಟುವುದು, ಬೇಡದ್ದನ್ನು ಕಿತ್ತು ಹಾಕುವುದು ಬರವಣಿಗೆ ಅಲ್ಲ ಅಂದರೆ ಇನ್ಯಾವುದು ಬರವಣಿಗೆ?

ಕೈಬರಹಕ್ಕೆ ಬೇರೆ ಹೊತ್ತಿನಲ್ಲಿ ಐದೇ ನಿಮಿಷ. ನಿಂತುಕೊಂಡು ಗೋಡೆಯ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಾನೆ, ಅದರಲ್ಲಿ ಮಣಿಕಟ್ಟು ಸರಿಯಾಗಿ ನಿಲ್ಲುತ್ತದೆ. ಹಾಳೆ ಮೇಲಾದರೆ ಮೋಟು ಪೆನ್ಸಿಲ್. ಮುಷ್ಟಿ ಕಟ್ಟಿ ಹಿಡಿಯೋಕೆ ಜಾಗವೇ ಇರಲ್ಲ, ಬೆರಳ ತುದಿಯಲ್ಲೇ ಹಿಡಿಯಬೇಕು. (ಎಷ್ಟು ಅಭ್ಯಾಸ ಮಾಡಿದರೂ ಕೈ ನೋವು ಹೋಗದಿದ್ದರೆ, ಅಕ್ಷರ ಕೂಡದಿದ್ದರೆ ತಜ್ಞರಿಗೆ ತೋರಿಸಿ. ಡಿಸ್‌ಗ್ರಾಫಿಯಾ ಅನ್ನುವ ಬರವಣಿಗೆಯ ತೊಂದರೆ ನಿಜವಾಗಿಯೂ ಇದೆ, ಅದು ಸೋಮಾರಿತನ ಅಲ್ಲ.)

ಇನ್ನೊಂದು ಮುಖ್ಯ ಸಂಗತಿ, ಓದೋಕೆ ಯಾರಾದರೂ ಬೇಕು. 1920ರ ದಶಕದಲ್ಲಿ ಫ್ರಾನ್ಸಿನ ಹಳ್ಳಿ ಶಾಲೆಯ ಮೇಷ್ಟ್ರು ಸೆಲೆಸ್ಟಿನ್ ಫ್ರೆನೆ ತರಗತಿಯೊಳಗೇ ಒಂದು ಅಚ್ಚಿನ ಯಂತ್ರ ತಂದಿಟ್ಟರು. ಮಕ್ಕಳು ತಾವು ಬರೆದದ್ದಕ್ಕೆ ತಾವೇ ಅಚ್ಚಿನ ಅಕ್ಷರದ ಮೊಳೆ ಜೋಡಿಸಿ, ಅಚ್ಚು ಹಾಕಿ, ದೂರದ ಇನ್ನೊಂದು ಶಾಲೆಯ ಮಕ್ಕಳಿಗೆ ಕಳಿಸುತ್ತಿದ್ದರು. ನಮ್ಮಲ್ಲಿ ಅಚ್ಚಿನ ಯಂತ್ರ ಇಲ್ಲ, ಆರು ವರ್ಷದ ತಂಗಿ ಇದ್ದಾಳೆ. ಇವಳಿಗಿಂತ ಕಟ್ಟುನಿಟ್ಟಿನ ಓದುಗರು ಸಿಗಲ್ಲ.

ಮಗ ಒಂದು ದಾಳದಾಟ ಕಂಡುಹಿಡಿದಿದ್ದ. ನಿಯಮ ಬರೆದುಕೊಟ್ಟರೆ ಮಾತ್ರ ಆಡುತ್ತೇವೆ ಅಂದೆವು. "ದಾಳ ಹಾಕಿ ಮುಂದೆ ಹೋಗಿ" ಅಂತ ಗೀಚಿ ತಂದ. ನಾನು ದಾಳ ಹಾಕಿ, ಎದ್ದು, ಬಾಗಿಲ ತನಕ ನಡೆದೆ. ತಂಗಿಯೂ ಹಿಂದೆಯೇ ಬಂದಳು.

"ನೀವಲ್ಲ! ಕಾಯಿ!"

"ಎಲ್ಲಿ ಬರೆದಿದೆ?"

ಹಾಳೆ ಕಿತ್ತುಕೊಂಡು "ಕಾಯಿಯನ್ನು" ಅಂತ ಸೇರಿಸಿದ. ಎಷ್ಟು ಮನೆ? ಅದೂ ಸೇರಿತು. ಒಂದೇ ಮನೆಯಲ್ಲಿ ಎರಡು ಕಾಯಿ ಬಂದರೆ? ತಲೆ ಕೆರೆದುಕೊಂಡು ಎರಡು ಸಾಲು ಬರೆದ. ಕೊನೆಯ ನಿಯಮ ಹೀಗಿತ್ತು: "ಅಮ್ಮ ಬೇಕಂತ ದಡ್ಡಿ ಥರ ಆಡಬಾರದು." ದಡ್ಡಿಯ ಒತ್ತು ಬಿಟ್ಟುಹೋಗಿತ್ತು. ನಾನು ತುಟಿ ಬಿಚ್ಚಲಿಲ್ಲ. ಅಷ್ಟು ಹೊತ್ತಲ್ಲಿ ನೀರು ಕುಡಿಯೋಕೆ ಅವನು ಒಮ್ಮೆಯೂ ಎದ್ದಿರಲಿಲ್ಲ.

ದಿನಚರಿ ಬರೆಸಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. "ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ" ಅನ್ನುವುದನ್ನು ಯಾರಿಗೆ ಹೇಳಬೇಕು? ಮನೆಯಲ್ಲಿ ಎಲ್ಲರಿಗೂ ಗೊತ್ತೇ ಇದೆ ಅಲ್ವಾ? ಅದರ ಬದಲು ನಮ್ಮಲ್ಲಿ ಅರ್ಜಿ ಪದ್ಧತಿ. ಏನಾದರೂ ಬೇಕಿದ್ದರೆ ಮೂರು ಕಾರಣ ಕೊಟ್ಟು ಬರೆಯಬೇಕು, ನಾನೂ ಬರೆದೇ ಉತ್ತರ ಕೊಡಬೇಕು. ಮೊನ್ನೆ ರಾತ್ರಿ ಅರ್ಧ ಗಂಟೆ ಜಾಸ್ತಿ ಎಚ್ಚರ ಇರೋಕೆ ಅರ್ಜಿ ಬಂತು. ಮೊದಲ ಎರಡು ಕಾರಣ ಸುಮ್ನೆ ಜಾಗ ತುಂಬಿಸೋಕೆ ಬರೆದದ್ದು. ಮೂರನೆಯದು: "ನಿದ್ದೆ ಬರದೆ ಮಲಗಿದರೆ ನಾನು ನಿನ್ನನ್ನು ಕರೀತಾನೇ ಇರುತ್ತೇನೆ."

ಮಂಜೂರು ಮಾಡಿ ಸಹಿ ಹಾಕಿದೆ.